ಕ್ಯಾಟಲಾಗಿನ ಗಂಡ ಹೆಂಡತಿ

ಮೇದಾ, 5 ಅಕ್ಟೋಬರ್ 1966

ಎಜೀದಿಯೊ ಅವರೇ,

ಮಿಲಾನಿನ ಪೀಠೋಪಕರಣ ಮೇಳ ಮುಗಿಯಿತು. ಕಾಲು ಊದಿಕೊಂಡಿದೆ, ಗಂಟಲು ಕಟ್ಟಿದೆ. "ಹೊದಿಕೆ ಬಿಚ್ಚಿ ಒಗೆಯಬಹುದು, ಬಣ್ಣ ನಿಮ್ಮ ಇಷ್ಟ" ಎಂದು ಜರ್ಮನರಿಗೆ ಹೇಳಿ ಹೇಳಿ ಈಗ ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತೇನಂತೆ. ಅಮ್ಮ ನಗುತ್ತಾಳೆ.

ನೀವು ಹೋಗುವ ಮುಂಚೆ ಕಟ್ಟಿದ ಹಸಿರು ಸೋಫಾಕ್ಕೆ ಒಳ್ಳೆಯ ಬೇಡಿಕೆ ಬಂತು. ಜಪಾನಿನವರು ಇಬ್ಬರು ಅದರ ಕೆಳಗೆ ತಲೆ ತೂರಿಸಿ ಫೋಟೊ ತೆಗೆದುಕೊಂಡರು. ನಾನು ಓಡಿಹೋಗಿ ಕಾರ್ಖಾನೆಯ ಯಜಮಾನರಾದ ತಾರ್ಚೀಸಿಯೊ ಅವರಿಗೆ ಹೇಳಿದರೆ, ಅವರು ಬ್ರೆಡ್ಡು ಅಗಿಯುತ್ತಲೇ, "ತೆಗೀಲಿ ಬಿಡಮ್ಮ. ಕದಿಯೋಕೆ ಬಂದಿದಾರೆ ಅಂದ್ರೆ ನಮ್ ಮಾಲು ಚೆನ್ನಾಗಿದೆ ಅಂತ ತಾನೇ?" ಅಂದರು.

ನಿಮಗೆ ಬರೆಯಬೇಕೆಂದುಕೊಂಡದ್ದು ಬೇರೆ ವಿಷಯ. ಸ್ಟುಟ್‌ಗಾರ್ಟಿನ ಬ್ರಾಂಟ್ ಬಂದಿದ್ದರು, ಅದೇ, ದಪ್ಪ ಮೀಸೆಯವರು. ಕೈಯಲ್ಲಿ ನಮ್ಮ ಕ್ಯಾಟಲಾಗು. ಹಾಳೆ ತಿರುಗಿಸಿ ನನ್ನ ಮುಖ ನೋಡಿ, ಮತ್ತೆ ಹಾಳೆ ನೋಡಿ, "ಅಮ್ಮಾ, ಇದು ನೀವೇ ಅಲ್ವಾ? ನಿಮ್ಮ ಯಜಮಾನ್ರು ಎಲ್ಲಿ, ಈ ಸಲ ಕಾಣ್ಲೇ ಇಲ್ಲ?" ಅಂದರು. ಅವರು ನಮ್ಮನ್ನು ಗಂಡ ಹೆಂಡತಿ ಎಂದೇ ತಿಳಿದಿದ್ದಾರೆ. ಪ್ರತಿ ವರ್ಷವೂ ಕ್ಯಾಟಲಾಗಿನ ಫೋಟೊದಲ್ಲಿ ಅದೇ ಇಬ್ಬರು, ಅದೇ ಮಗು, ಸೋಫಾ ಮಾತ್ರ ಬೇರೆ. ಪಾಪ, ಅವರದೇನು ತಪ್ಪು?

ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಮೊದಲ ಫೋಟೊದ ಕಥೆಯನ್ನು ಮತ್ತೆ ಹೇಳಿಸಿಕೊಂಡಳು. ರೈಲು ಮುಷ್ಕರದಿಂದ ಮಿಲಾನಿನ ಮಾಡೆಲ್ ಜೋಡಿ ಬಾರದೆ ಹೋದದ್ದು, ಯಜಮಾನರು ನನ್ನನ್ನು ಟೈಪ್‌ರೈಟರ್ ಮುಂದಿನಿಂದ ಎಬ್ಬಿಸಿದ್ದು, ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ ನಿಮ್ಮನ್ನು ಕೆಲಸದ ಮೇಜಿನಿಂದ ಎಳೆದು ತಂದು ತಮ್ಮದೇ ಜಾಕೆಟ್ ತೊಡಿಸಿದ್ದು. "ಮುಂದಿನ್ವರ್ಷದಿಂದ ಮಾಡೆಲ್ಲೂ ಬೇಡ, ಅವರಿಗೆ ಮಧ್ಯಾಹ್ನದ ಊಟಾನೂ ಬೇಡ" ಎಂದು ಅವರು ಕುಣಿದಾಡಿದ್ದು. ಅಮ್ಮ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ, "ಸರಿ, ಆ ಜರ್ಮನಿಯವನಿಗೆ ನೀನೇನಂದೆ?" ಎಂದು ಕೇಳಿದಳು.

"ನಮ್ಮೋರು ಅಕ್ಕನ ಮನೆಗೆ ಹೋಗಿದಾರೆ, ಬರ್ತಾರೆ" ಅಂದಿದ್ದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಅಷ್ಟು ಗದ್ದಲದಲ್ಲಿ ಎಲ್ಲವನ್ನೂ ಜರ್ಮನ್ ಭಾಷೆಯಲ್ಲಿ ವಿವರಿಸುವುದು ಕಷ್ಟವಾಗಿತ್ತು, ಅಷ್ಟೇ.

ನಿಮ್ಮ ಭಾವನ ಸೊಂಟ ಹೇಗಿದೆ? ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಮೇಜಿನ ಮೇಲೆ ಯಾರಿಗೂ ಸಾಮಾನು ಇಡಲು ನಾನು ಬಿಟ್ಟಿಲ್ಲ.

ಡೆಲ್ಫಿನಾ ಪೊಜ್ಜೋಲಿ


ಪೆಸಾರೊ, 2 ನವೆಂಬರ್ 1966

ಸಿನ್ಯೋರಿನಾ ಡೆಲ್ಫಿನಾ ಅವರಿಗೆ,

ಲಿಬೆರೊ ಭಾವ ಇನ್ನೂ ಹಾಸಿಗೆಯಲ್ಲೇ ಇದ್ದಾನೆ. ತನ್ನ ಅಡುಗೆಮನೆ ಕಪಾಟುಗಳ ಅಂಗಡಿಯ ಅಟ್ಟದಿಂದ ಬಿದ್ದವನು ಸೊಂಟ ಮುರಿದುಕೊಂಡನೇ ಹೊರತು ನಾಲಿಗೆಗೆ ಏನೂ ಆಗಿಲ್ಲ. ಮಲಗಿದಲ್ಲಿಂದಲೇ ಕೂಗುತ್ತಾನೆ: "ಏ ಮಿಲಾನ್ ಕಡೆಯವನೇ, ಕಪಾಟು ಓರೆಯಾಗಿದೆ ಕಣೋ! ಎಣ್ಣೆ ಬಾಟ್ಲಿ ಜಾರಿ ಗಿರಾಕಿ ತಲೆ ಮೇಲೆ ಬೀಳತ್ತೆ!" ಗೋಡೆಯ ಆಚೆ ಇರುವ ಕಪಾಟಿನ ಓರೆ ಅವನಿಗೆ ಹೇಗೆ ಕಾಣುತ್ತದೋ ದೇವರೇ ಬಲ್ಲ. ನಾನು ಹೋಗಿ ನೋಡಿದಾಗಲೆಲ್ಲ ಅದು ಓರೆಯಾಗಿಯೇ ಇರುತ್ತದೆ, ಅದೂ ನಿಜ.

ಇಷ್ಟು ವರ್ಷ ಸೋಫಾಕ್ಕೆ ತುಂಬುವ ಉಣ್ಣೆ, ಹತ್ತಿ, ಕುದುರೆ ಕೂದಲು ಮುಟ್ಟಿದ ಕೈ ಇದು. ಇಲ್ಲಿ ಮುಟ್ಟಿದ್ದೆಲ್ಲ ಗಟ್ಟಿ. ಪೆಸಾರೊದ ಹೆಂಗಸರಿಗೆಲ್ಲ ಈಗ ಗೋಡೆಗೆ ತೂಗುವ ಕಪಾಟು, ಹೊಳೆಯುವ ಹಲಗೆ, ಒಂದೇ ಬಣ್ಣದ ಅಡುಗೆಮನೆ ಬೇಕು. ಅಜ್ಜಿಯ ಕಾಲದ ಮೇಜನ್ನು ಅಂಗಳಕ್ಕೆ ಎಸೆದು ಕೋಳಿ ಕೂರಿಸುತ್ತಾರೆ.

ಬ್ರಾಂಟ್ ಸಾಹೇಬರಿಗೆ ನೀವು ಹೇಳಿದ್ದು ಸರಿಯಾಗಿಯೇ ಇದೆ. ನನ್ನಂಥ ಗಂಡ ಸಿಗುವುದು ಕಷ್ಟ ನೋಡಿ: ಊಟ ಕೇಳುವುದಿಲ್ಲ, ಗೊರಕೆ ಹೊಡೆಯುವುದಿಲ್ಲ, ವರ್ಷಕ್ಕೊಂದು ಸಲ ಜಾಕೆಟ್ ಹಾಕಿಕೊಂಡು ಬಂದು ಅರ್ಧ ದಿನ ಕೂತು ಎದ್ದುಹೋಗುತ್ತೇನೆ. ಮೇದಾದ ಹೆಂಗಸರೆಲ್ಲ ನಿಮ್ಮನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿರಬೇಕು.

ಭಾನುವಾರ ಸಮುದ್ರದ ದಂಡೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ. ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ನನ್ನ ಕೈ ತಾನಾಗಿ ಅವರ ಹಿಂದೆ ಚಾಚಿಕೊಳ್ಳುತ್ತದೆ, ಫೋಟೊ ತೆಗೆಯುವ ಊಗೊ ನಮಗೆ ಕಲಿಸಿದ ಹಾಗೆ. ಹೋದ ವಾರ ಕೂತದ್ದು ಚರ್ಚಿನ ಪಾದ್ರಿ. ತಿರುಗಿ ನೋಡಿದರು. ಎದ್ದು ಬಂದುಬಿಟ್ಟೆ.

ಜೂನ್‌ನಲ್ಲಿ ಫೋಟೊಕ್ಕೆ ಖಂಡಿತ ಬರುತ್ತೇನೆ. ಜಾಕೆಟ್ ಒಗೆಸಿಡಲು ಯಜಮಾನರಿಗೆ ಹೇಳಿ.

ನಿಮ್ಮ ಕಾಗದದ ಯಜಮಾನ,
ಎಜೀದಿಯೊ ತೆರ್ರಾನೆಯೊ


ಮೇದಾ, 4 ಫೆಬ್ರವರಿ 1967

ಎಜೀದಿಯೊ ಅವರೇ,

ಉತ್ತರ ತಡವಾಯಿತು. ನಿಮ್ಮ ಪತ್ರ ಓದಿ ಬಹಳ ನಕ್ಕೆ. ಎರಡನೇ ಸಲ ಓದಿದಾಗ ಅಷ್ಟು ನಗು ಬರಲಿಲ್ಲ. ಆಮೇಲೆ ಕ್ರಿಸ್‌ಮಸ್ ಬಂತು, ಲೆಕ್ಕ ಮುಗಿಸುವ ಗಡಿಬಿಡಿ ಬಂತು.

ಈಗ ಮಿಲಾನಿನಿಂದ ಒಬ್ಬ ಹೊಸ ವಿನ್ಯಾಸಗಾರ ಬರುತ್ತಿದ್ದಾನೆ. ಚಿಕ್ಕ ವಯಸ್ಸು, ಉದ್ದ ಕೂದಲು. ಅವನು ಮಾಡಿರುವ ಸೋಫಾದಲ್ಲಿ ಮರವೇ ಇಲ್ಲ. ಸ್ಪ್ರಿಂಗಿಲ್ಲ, ಹುರಿಯಿಲ್ಲ, ಕಾಲೂ ಇಲ್ಲ. ದೊಡ್ಡ ಫೋಮಿನ ತುಂಡನ್ನು ಕೊರೆದು ಕಿತ್ತಳೆ ಬಣ್ಣದ ಬಟ್ಟೆ ಹೊದಿಸಿದ್ದಾರೆ. ನೆಲಕ್ಕೆ ಅಂಟಿಕೊಂಡಂತೆ ಬಿದ್ದಿರುತ್ತದೆ. ಕೂರುವುದೇನೋ ಸುಖ, ಏಳುವುದೇ ಕಷ್ಟ. ಯಜಮಾನರು ಕೂತು ಏಳಲಾಗದೆ, "ಎಳೀರೋ ನನ್ನ!" ಎಂದು ಕೂಗಿಕೊಂಡರು. ಆದರೂ ಅದನ್ನೇ ಮಾಡುವುದೆಂದು ತೀರ್ಮಾನವಾಗಿದೆ. ನನಗೂ ಅದು ಇಷ್ಟವೇ. ಯಾರಿಗೂ ಅಂಜದ ವಸ್ತು ಅದು. ನಿಮಗೆ ಬೇಸರವಾಗಬಹುದು ಎಂದು ಮೊದಲೇ ಬರೆದೆ.

ನಿನ್ನೆ ಸಂತ ಬಿಯಾಜೊ ದಿನ. ಲೆಕ್ಕದ ವಿಭಾಗದ ರಾದೀಚೆ ಅವರು ಕ್ರಿಸ್‌ಮಸ್ಸಿನ ಸಿಹಿ ಬ್ರೆಡ್ಡಾದ ಪನೆತ್ತೋನೆಯ ಒಂದು ಹೋಳನ್ನು ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡು, ಬಿಳಿ ಕರವಸ್ತ್ರದಲ್ಲಿ ಸುತ್ತಿ ನನ್ನ ಮೇಜಿಗೆ ತಂದರು. "ಈ ದಿನ ತಿಂದ್ರೆ ವರ್ಷಪೂರ್ತಿ ಗಂಟಲು ಚೆನ್ನಾಗಿರತ್ತಂತೆ. ಮೇಳದಲ್ಲಿ ನಿಮ್ಮ ಗಂಟಲು ಕಟ್ಟಿತ್ತಲ್ಲ" ಅಂದರು. ಕಲ್ಲಿನ ಹಾಗಿತ್ತು. ಕಾಫಿಯಲ್ಲಿ ಅದ್ದಿ ತಿಂದೆ. ಅಕ್ಟೋಬರಿನಲ್ಲಿ ನನ್ನ ಗಂಟಲು ಕಟ್ಟಿದ್ದು ಅವರಿಗೆ ನೆನಪಿದೆ ಎಂಬುದು ನನಗೆ ಆಶ್ಚರ್ಯ. ಮಂಜು ದಟ್ಟವಾಗಿರುವ ಸಂಜೆ ಅವರು ನನ್ನ ಜೊತೆ ಮನೆಯ ತಿರುವಿನವರೆಗೆ ನಡೆದು ಬರುತ್ತಾರೆ. ಹೆಚ್ಚು ಮಾತಾಡುವುದಿಲ್ಲ.

ಯಜಮಾನರ ಮೊಮ್ಮಗಳು ಲೊರೆಲ್ಲಾ, ನಮ್ಮ ಕ್ಯಾಟಲಾಗಿನ ಮಗಳು, ಈಗ ಶಾಲೆಗೆ ಹೋಗುತ್ತಿದ್ದಾಳೆ. ಮೊನ್ನೆ ಆಫೀಸಿಗೆ ಬಂದವಳು ಎಲ್ಲರ ಮುಂದೆ, "ಡೆಲ್ಫಿನಾ ಅತ್ತೆ, ನಿನ್ ಗಂಡ ಯಾವಾಗ ಬರ್ತಾನೆ?" ಎಂದು ಕೇಳಿದಳು. ಅವಳ ತಾಯಿ, "ಅದು ಬರೀ ಫೋಟೊ ಗಂಡ ಕಣೇ, ನಿಜವಾದ್ದಲ್ಲ" ಎಂದು ಗದರಿದಳು. ಮಗು ನನ್ನ ಮುಖವನ್ನೇ ನೋಡುತ್ತ ನಿಂತಿತ್ತು. ನಾನೇನು ಹೇಳಬೇಕಿತ್ತು? ನೀವಿದ್ದಿದ್ದರೆ ಏನಾದರೂ ತಮಾಷೆ ಮಾಡುತ್ತಿದ್ದಿರಿ.

ಡೆಲ್ಫಿನಾ


ಪೆಸಾರೊ, 19 ಮಾರ್ಚ್ 1967

ಡೆಲ್ಫಿನಾ ಅವರೇ,

ಇವತ್ತು ಬಡಗಿಗಳ ಸಂತ ಜೋಸೆಫನ ಹಬ್ಬ, ಅಂಗಡಿಗೆ ರಜೆ. ಪಿಯೆರಾ ಅಕ್ಕ ಮೀನಿನ ಸಾರು ಮಾಡಿದ್ದಾಳೆ. ಲಿಬೆರೊ ಊರುಗೋಲು ಹಿಡಿದು ಎದ್ದ, ಬಾಗಿಲವರೆಗೆ ನಡೆದ, ಹಬ್ಬದ ಹುರುಪಿನಲ್ಲಿ ಒಂದು ಲೋಟ ವೈನು ಕುಡಿದು ಮತ್ತೆ ಬಿದ್ದ. ಡಾಕ್ಟರು ಇನ್ನೂ ಬಹಳ ತಿಂಗಳು ಅನ್ನುತ್ತಾರೆ. ಅಂದರೆ ನಾನೂ ಇಲ್ಲೇ. ಅಕ್ಕನಿಗೆ ಮಕ್ಕಳು ಸಣ್ಣವು, ಬೇರೆ ದಿಕ್ಕಿಲ್ಲ.

ಮನೆಯಲ್ಲಿ ಜಾಗವಿಲ್ಲದೆ ನಾನು ಅಂಗಡಿಯಲ್ಲಿಯೇ ಮಲಗುತ್ತೇನೆ. ಗಿರಾಕಿಗಳಿಗೆ ತೋರಿಸಲೆಂದು ಜೋಡಿಸಿಟ್ಟ ಅಡುಗೆಮನೆ ಅದು. ನಲ್ಲಿಯಿದೆ, ನೀರು ಬರುವುದಿಲ್ಲ. ಒಲೆಯಿದೆ, ಉರಿಯುವುದಿಲ್ಲ. ಬುಟ್ಟಿಯಲ್ಲಿರುವ ಹಣ್ಣು ಮೇಣದ್ದು. ಒಂದು ಸಲ ನಿದ್ದೆಗಣ್ಣಿನಲ್ಲಿ ಸೇಬು ಕಚ್ಚಿದ್ದೆ, ಹಲ್ಲಿನ ಗುರುತು ಹಾಗೇ ಉಳಿದಿದೆ.

ಮರವಿಲ್ಲದ ಸೋಫಾದ ಸುದ್ದಿ ಓದಿದೆ. ಬೇಸರವೇನಿಲ್ಲ. ಆ ಹುಡುಗನಿಗೆ ನನ್ನ ನಮಸ್ಕಾರ. ಇನ್ನು ಮೇಲೆ ಸೋಫಾ ಕಟ್ಟಲು ಬ್ರೆಡ್ಡು ಕೊಯ್ಯುವ ಚಾಕು ಸಾಕು ಅಂತ ಹೇಳಿ.

ರಾದೀಚೆ ಅವರು ಮಂಜಿನಲ್ಲಿ ನಡೆದು ಬರುತ್ತಾರೆ ಎಂದು ಬರೆದಿದ್ದೀರಿ. ಒಳ್ಳೆಯ ಮನುಷ್ಯ. ಕಳೆದುಹೋಗುವುದಿಲ್ಲ, ಹೆಜ್ಜೆಗೂ ಲೆಕ್ಕ ಇಟ್ಟಿರುತ್ತಾರೆ. ಆದರೆ ಆ ಪನೆತ್ತೋನೆ ತಿಂದು ನಿಮ್ಮ ಹಲ್ಲು ಉಳಿದಿದೆ ತಾನೇ? ಜೂನ್‌ನಲ್ಲಿ ಫೋಟೊಕ್ಕೆ ಹಲ್ಲು ಬೇಕು.

ಎಜೀದಿಯೊ


ಮೇದಾ, 16 ಏಪ್ರಿಲ್ 1967

ಎಜೀದಿಯೊ ಅವರೇ,

ಇದು ತಮಾಷೆಯ ಪತ್ರವಲ್ಲ. ಒಂದೇ ವಿಷಯ ಬರೆದು ಮುಗಿಸುತ್ತೇನೆ.

ರಾದೀಚೆ ಅವರು ಹೋದ ಭಾನುವಾರ ಚರ್ಚ್ ಬಿಟ್ಟ ಮೇಲೆ ನಮ್ಮ ಮನೆಗೆ ಬಂದು ಅಮ್ಮನ ಎದುರಿಗೇ ನನ್ನನ್ನು ಮದುವೆಗೆ ಕೇಳಿದರು. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, "ನಾನು ಚೆಲುವನಲ್ಲ, ಮಾತುಗಾರನೂ ಅಲ್ಲ. ಆದ್ರೆ ನಿಮ್ಮನ್ನ ಚೆನ್ನಾಗಿ ನೋಡ್ಕೋತೀನಿ. ಆತುರ ಇಲ್ಲ, ಯೋಚನೆ ಮಾಡಿ ಹೇಳಿ" ಅಂದರು. ಇಷ್ಟೇ. ಹೇಳುವಾಗ ಅವರ ಕಿವಿ ಕೆಂಪಗಾಗಿತ್ತು. ಅವರು ಹೋದ ಮೇಲೆ ಅಮ್ಮ, "ನಿಂಗೆ ಇನ್ಯಾರಾದ್ರೂ ಮನಸ್ಸಲ್ಲಿದ್ರೆ ಈಗ್ಲೇ ಹೇಳ್ಬಿಡು ಮಗಳೇ. ಆ ಒಳ್ಳೆ ಮನುಷ್ಯನ್ನ ಕಾಯಿಸ್ಬೇಡ" ಅಂದಳು. ಯಾರೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಇದ್ದಾರೆ ಎಂದು ಹೇಳಲು ನನಗೆ ಯಾರು ಅಧಿಕಾರ ಕೊಟ್ಟಿದ್ದಾರೆ?

ಜೂನ್ ಕೊನೆಗೆ ಅವರಿಗೆ ಉತ್ತರ ಕೊಡುತ್ತೇನೆ ಎಂದಿದ್ದೇನೆ. ನಾನು ಏನು ಹೇಳಬೇಕು? ನಿಮ್ಮನ್ನೇ ಕೇಳುತ್ತಿದ್ದೇನೆ. ಬೇರೆ ಯಾರನ್ನೂ ಕೇಳಿಲ್ಲ.

ಡೆಲ್ಫಿನಾ


ಪೆಸಾರೊ, 9 ಮೇ 1967

ಡೆಲ್ಫಿನಾ ಅವರೇ,

ನಿಮ್ಮ ಪತ್ರ ಬಂದು ಕೆಲವು ದಿನಗಳಾದವು. ಕೆಲಸ ವಿಪರೀತ.

ರಾದೀಚೆ ಅವರ ಮೇಲೆ ಹೇಳಲು ನನ್ನ ಹತ್ತಿರ ಒಂದು ದೂರೂ ಇಲ್ಲ. ಹುಡುಕಿದೆ, ಸಿಗಲಿಲ್ಲ. ಸ್ವಂತ ಮನೆಯಿದೆ, ಸಿಗರೇಟು ಸೇದುವುದಿಲ್ಲ, ಕಾರ್ಖಾನೆಯಲ್ಲಿ ಯಾರ ಮೇಲೂ ಕೂಗಾಡಿದ್ದು ನಾನು ಕಂಡಿಲ್ಲ. ಕಾಗದದ ಗಂಡನಾಗಿ ನನ್ನ ಒಪ್ಪಿಗೆ ಕೇಳಿದ್ದೀರಿ ಎಂದುಕೊಂಡು, ಇದೋ, ಸಹಿ ಹಾಕಿ ಮುದ್ರೆ ಒತ್ತಿ ಕೊಟ್ಟಿದ್ದೇನೆ. ಬೆಂಕಿಕಡ್ಡಿ ತಾಗಿಸದಂತೆ ಇಟ್ಟುಕೊಳ್ಳಿ, ಕಾಗದದವರು ನಾವು, ಬೇಗ ಹತ್ತಿಕೊಳ್ಳುತ್ತೇವೆ.

ನೀವು ಸುಖವಾಗಿರಬೇಕು. ಇದು ತಮಾಷೆಯಲ್ಲ.

ಎಜೀದಿಯೊ


ಪೆಸಾರೊ, 25 ಜೂನ್ 1967

ಡೆಲ್ಫಿನಾ ಅವರೇ,

ಮೊದಲು ಜಾಕೆಟ್ ವಿಷಯ. ಯಜಮಾನರ ಜಾಕೆಟ್ಟನ್ನು ಇದೇ ಪೊಟ್ಟಣದಲ್ಲಿ ಕಳಿಸಿದ್ದೇನೆ. ಅಕ್ಕ ಇಸ್ತ್ರಿ ಮಾಡಿದ್ದಾಳೆ. ಅದನ್ನು ಹಾಕಿಕೊಂಡೇ ಎದ್ದುಬಂದದ್ದು ಬೊಲೋನ್ಯಾ ದಾಟಿ ರೈಲಿನವನು ಟಿಕೆಟ್ ಕೇಳಿದಾಗಲೇ ಗೊತ್ತಾದದ್ದು. ಜೇಬಿನಲ್ಲಿ ಯಜಮಾನರ ಕನ್ನಡಕ ಇತ್ತು, ಅದೂ ಪೊಟ್ಟಣದಲ್ಲಿದೆ.

ಆ ದಿನ ನಾನು ಮಾಡಿದ್ದು ನಿಮ್ಮೆಲ್ಲರಿಗೂ ಹುಚ್ಚಾಟವಾಗಿ ಕಂಡಿರಬೇಕು. ಫೋಟೊದ ನಡುವೆ ಎದ್ದು ಒಂದು ಮಾತೂ ಆಡದೆ ಹೊರಟುಹೋದೆ. ನಿಮಗೆ ಕಂಡದ್ದು ಅಷ್ಟೇ. ನನಗೆ ಏನಾಯಿತು ಎಂದು ಬರೆಯಲು ಕೂತಿದ್ದೇನೆ.

ಬರುವಾಗ ನಾನು ಸರಿಯಾಗಿಯೇ ಇದ್ದೆ. ಷೆಡ್ಡಿನೊಳಗೆ ಕಟ್ಟಿದ ಆ ಬಿಳಿ ಕೋಣೆ, ಬಾಗಿದ ಕಂಬದ ದೀಪ, ನೆಲಕ್ಕೆ ಹಾಸಿದ ಉದ್ದ ಕೂದಲಿನ ಜಮಖಾನ, ಎಲ್ಲ ನೋಡಿ ಖುಷಿಯಾಯಿತು. ಕಿತ್ತಳೆ ಸೋಫಾ ಚೆನ್ನಾಗಿದೆ. ಬ್ರೆಡ್ಡಿನ ಚಾಕು ಎಂದು ಬರೆದದ್ದು ಹೊಟ್ಟೆಕಿಚ್ಚಿನಿಂದ. ನೀವು ಬಿಳಿ ಉಡುಪಿನಲ್ಲಿ ಬಂದು ಕೂತಿರಿ, ನಾನೂ ಕೂತೆ. ಊಗೊ ಎಂದಿನಂತೆ, "ಈಗ ತಾನೇ ಕೆಲಸದಿಂದ ಮನೆಗೆ ಬಂದಿದೀಯ, ಸುಸ್ತಾಗಿದೆ, ಇವಳನ್ನ ನೋಡಿದ ತಕ್ಷಣ ಸುಸ್ತು ಹೋಯ್ತು, ಹಾಗೆ ನೋಡಪ್ಪ" ಅಂದ. ಆರು ವರ್ಷದಿಂದ ಅವನು ಅದನ್ನೇ ಹೇಳುತ್ತಿದ್ದಾನೆ. ನಾನು ಹಾಗೇ ನೋಡುತ್ತಿದ್ದೇನೆ. ಅದು ನನಗೆ ಎಂದೂ ಕಷ್ಟವಾಗಿರಲಿಲ್ಲ.

ಆಗ ಲೊರೆಲ್ಲಾ ಕೇಳಿದಳಲ್ಲ, "ಎಜೀದಿಯೊ ಮಾಮ, ಅತ್ತೆ ರಾದೀಚೆ ಮಾಮನ್ನ ಮದುವೆ ಆದ್ಮೇಲೆ ಫೋಟೊದಲ್ಲಿ ನೀನು ಯಾರಾಗ್ತೀಯ?" ಎಲ್ಲರೂ ನಕ್ಕರು. "ನಾನು ದೀಪದ ಕಂಬ ಆಗ್ತೀನಿ ಪುಟ್ಟಿ" ಅಂದೆ. ಇನ್ನೂ ಜೋರಾಗಿ ನಕ್ಕರು. ಒಬ್ಬಳನ್ನು ಬಿಟ್ಟು. ನನ್ನ ಕೈ ನಿನ್ನ ಭುಜದ ಮೇಲಿತ್ತು. ನೀನು ನಗುತ್ತಿರಲಿಲ್ಲ, ನಡುಗುತ್ತಿದ್ದೆ. ಅದು ನನ್ನ ಅಂಗೈಗೆ ತಿಳಿಯಿತು. ಊಗೊ, "ಹಾಗೇ ಇರಿ, ಅಲ್ಲಾಡ್ಬೇಡಿ" ಎಂದು ಕೂಗಿದ. ಅಲ್ಲಾಡದೆ ಇರುವುದು ನನ್ನಿಂದ ಆಗಲಿಲ್ಲ.

ಏಪ್ರಿಲ್‌ನಲ್ಲಿ ನಿನ್ನ ಪತ್ರ ಬಂದಾಗ ನಾನು ಬೇರೆ ಉತ್ತರ ಬರೆದಿದ್ದೆ. ಆದರೆ ಆ ದಿನವೇ ಅಕ್ಕ ಬಂದು, ಇನ್ನೊಂದು ವರ್ಷ ಇರ್ತೀಯಾ ತಮ್ಮ ಎಂದು ಕೇಳಿ ಅತ್ತಳು. ನೀರು ಬಾರದ ನಲ್ಲಿಯ ಪಕ್ಕದಲ್ಲಿ ಮಲಗುವವನು ನಿನ್ನಂಥವಳನ್ನು ಯಾವ ಬಾಯಲ್ಲಿ ಕೇಳುವುದು ಅನ್ನಿಸಿತು. ಎರಡು ಭಾಷೆ ಬಲ್ಲವಳು, ಸ್ಟೇಷನ್ ಮಾಸ್ಟರರ ಮಗಳು. ಆ ಕಾಗದ ಹರಿದು ಇನ್ನೊಂದು ಬರೆದೆ. ತಮಾಷೆ ನನಗೆ ಸುಲಭವಾಗಿ ಬರುತ್ತದೆ, ಕೆಲವರಿಗೆ ಕೆಮ್ಮು ಬರುವ ಹಾಗೆ.

ಹೇಳಬೇಕಾದ್ದು ಬೇರೇನೋ ಇತ್ತು.

ಜಾಕೆಟ್ ತಲುಪಿದ್ದಕ್ಕೆ ಒಂದು ಸಾಲು ಬರೆಯಿರಿ.

ಎಜೀದಿಯೊ


ಮೇದಾ, 8 ಜುಲೈ 1967

ಎಜೀದಿಯೊ ಅವರೇ,

ಜಾಕೆಟ್ ತಲುಪಿತು. ಕನ್ನಡಕವೂ ತಲುಪಿತು. ಇಷ್ಟು ದಿನ ಅದಕ್ಕಾಗಿ ಹುಡುಕಾಡಿದ ಯಜಮಾನರು, "ಪೆಸಾರೊಗೆ ಹೋಗಿ ಬಂತಾ? ನಂಗಿಂತ ಚೆನ್ನಾಗಿ ಊರು ನೋಡಿದೆ" ಅಂದರು. ನಿಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ.

ನೀವು ಹೋದ ಮೇಲೆ ಲೊರೆಲ್ಲಾ ತನ್ನಿಂದಲೇ ಹೀಗಾಯಿತೆಂದು ಅತ್ತಳು. ಅವಳನ್ನು ಸಮಾಧಾನ ಮಾಡಬೇಕಾಗಿ ಬಂದದ್ದು ನನ್ನ ಪುಣ್ಯ. ಆಗ ನನಗೂ ಒಂದು ಕೆಲಸ ಬೇಕಾಗಿತ್ತು. ಬೆಳಕು ಹೋಗುವ ಮುಂಚೆ ಮುಗಿಸಬೇಕು ಎಂದು ಊಗೊ ಅವಸರ ಮಾಡಿದ. ಯಾರೋ ಆಫೀಸಿಗೆ ಓಡಿ ರಾದೀಚೆ ಅವರನ್ನು ಕರೆತಂದರು. ಪಾಪ, ಬಂದರು, ನನ್ನ ಪಕ್ಕದಲ್ಲಿ ಕೂತರು. ಆ ಸೋಫಾದ ಮೇಲೆ ಬೆನ್ನು ನೆಟ್ಟಗಿಟ್ಟು ಕೂರುವುದು ಯಾರಿಂದಲೂ ಆಗುವುದಿಲ್ಲ, ಅವರಿಂದ ಆಯಿತು. ಯಜಮಾನರು ನೋಡಿ, "ಬೇಡ ಬೇಡ, ಜಪ್ತಿಗೆ ಬಂದ ಅಮೀನನ ಹಾಗೆ ಕಾಣ್ತಾನೆ" ಎಂದು ಎಬ್ಬಿಸಿದರು. ರಾದೀಚೆ ಅವರೂ ನಕ್ಕರು. ಆಮೇಲೆ ದಾರಿಯಲ್ಲಿ ಬರುವಾಗ, ಒಂದೇ ಒಂದು ಸಲ, "ಆತ ಯಾಕೆ ಎದ್ದು ಹೋದ ಅಂತ ನಾನು ಕೇಳೋದಿಲ್ಲ. ಅದನ್ನ ನೀವೇ ಯೋಚನೆ ಮಾಡಿ, ಆಮೇಲೆ ನನಗೆ ಉತ್ತರ ಕೊಡಿ" ಅಂದರು.

ನೀವು ಏಳುವ ಮೊದಲು ತೆಗೆದ ಕೊನೆಯ ಫೋಟೊವನ್ನೇ ಕ್ಯಾಟಲಾಗಿಗೆ ಹಾಕುತ್ತಾರಂತೆ. ಅದರಲ್ಲಿ ನೀವು ನನ್ನನ್ನು ನೋಡುತ್ತಿದ್ದೀರಿ, ನಾನು ದೀಪ ನೋಡುತ್ತಿದ್ದೇನೆ. ತನ್ನ ಇಡೀ ಜೀವನದಲ್ಲಿ ತೆಗೆದ ಅತ್ಯುತ್ತಮ ಫೋಟೊ ಎಂದು ಊಗೊ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ನಾನು ರಾದೀಚೆ ಅವರಿಗೆ ಹೂಂ ಅಂದಿದ್ದೇನೆ. ನಿಮ್ಮ ಪೊಟ್ಟಣ ಬರುವ ಹಿಂದಿನ ದಿನ. ಮದುವೆ ಸೆಪ್ಟೆಂಬರ್ ಕೊನೆಗೆ, ಮೇಳ ಮುಗಿದ ಮೇಲೆ.

ಹೇಳಬೇಕಾದ್ದು ಬೇರೇನೋ ಇತ್ತು ಎಂದು ಬರೆದಿದ್ದೀರಿ. ಅದೇನೆಂದು ಬರೆಯಿರಿ. ಜುಲೈ ಇದೆ, ಆಗಸ್ಟ್ ಇದೆ. ಆಗಸ್ಟಿನಲ್ಲಿ ಕಾರ್ಖಾನೆಗೆ ರಜೆ, ನಾನು ಮನೆಯಲ್ಲೇ ಇರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ. ಅಂಚೆಯವನು ಬೆಳಿಗ್ಗೆ ಬರುತ್ತಾನೆ.

ಡೆಲ್ಫಿನಾ


ತಂತಿ. ಪೆಸಾರೊ, 29 ಸೆಪ್ಟೆಂಬರ್ 1967

ನವದಂಪತಿಗೆ ಹೃತ್ಪೂರ್ವಕ ಶುಭಾಶಯಗಳು. ಪಿಯೆರಾ, ಲಿಬೆರೊ, ಎಜೀದಿಯೊ.


ಪೆಸಾರೊ, 23 ನವೆಂಬರ್ 1969

ಡೆಲ್ಫಿನಾ ಅವರೇ,

ಎರಡು ವರ್ಷದ ಮೇಲೆ ಈ ಕೈಬರಹ ನೋಡಿ ಗಾಬರಿಯಾಗಬೇಡಿ. ಮನೆಯ ವಿಳಾಸ ಗೊತ್ತಿಲ್ಲದೆ ಕಾರ್ಖಾನೆಗೆ ಬರೆಯುತ್ತಿದ್ದೇನೆ. ನಿಮಗೆ ಮಗನಾದ ಸುದ್ದಿ ಊಗೊನಿಂದ ತಿಳಿಯಿತು. ಸಂತೋಷವಾಯಿತು. ಲಿಬೆರೊ ಈಗ ಕುಂಟುತ್ತಾ ಅಂಗಡಿ ನೋಡಿಕೊಳ್ಳುತ್ತಾನೆ. ನಾನು ಊರೂರು ತಿರುಗಿ ಅಡುಗೆಮನೆ ಜೋಡಿಸುತ್ತೇನೆ. ಮೇದಾಕ್ಕೆ ಮರಳುವ ಮಾತು ಈಗ ಯಾರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಮಂಗಳವಾರ ಒಂದು ಸಂಗತಿ ನಡೆಯಿತು. ಅದನ್ನು ಹೇಳಲು ನಿಮ್ಮನ್ನು ಬಿಟ್ಟು ನನಗೆ ಯಾರೂ ಇಲ್ಲ.

ಫಾನೊದಲ್ಲಿ ಒಬ್ಬ ವಿಧವೆಯ ಮನೆಗೆ ಹೋಗಿದ್ದೆ. ಕ್ಲೇಲಿಯಾ ಅಂತ ಹೆಸರು, ಮೀನುಗಾರನ ಹೆಂಡತಿಯಾಗಿದ್ದವಳು, ಗುಂಡಗಿನ ಅಜ್ಜಿ, ಒಂದು ನಿಮಿಷ ಬಾಯಿ ಮುಚ್ಚುವವಳಲ್ಲ. ಹಳೆಯ ಕಪಾಟು ಕಿತ್ತು ಹೊಸದು ಕೂರಿಸಬೇಕಿತ್ತು. ಕಪಾಟಿನ ಬಾಗಿಲು ತೆಗೆದೆ. ಒಳಮೈಯಲ್ಲಿ, ಸಂತ ಅಂತೋನಿಯ ಚಿತ್ರದ ಪಕ್ಕದಲ್ಲಿ, ನಾವಿಬ್ಬರು. ಕಿತ್ತಳೆ ಸೋಫಾ, ಬಾಗಿದ ದೀಪ. ಎಣ್ಣೆ ಹೊಗೆಗೆ ಬಣ್ಣ ಸ್ವಲ್ಪ ಹಳದಿಯಾಗಿತ್ತು. ಕೈಯಲ್ಲಿ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಏನಪ್ಪ, ದೆವ್ವ ಕಂಡೋನ ಹಾಗೆ ನಿಂತೆ?" ಅಂದಳು. ನನಗೆ ಈಗ ಗಡ್ಡವಿದೆ, ಕನ್ನಡಕವಿದೆ, ಅವಳಿಗೆ ಗುರುತು ಸಿಗಲಿಲ್ಲ. ತಾನೇ ಹೇಳತೊಡಗಿದಳು: "ನನ್ ಮಗಳು ಯಾವುದೋ ಅಂಗಡಿಯಿಂದ ಆ ಪುಸ್ತಕ ತಂದಿದ್ಲು. ಅವಳೂ ಅಳಿಯನೂ ಮೂರು ಹೊತ್ತೂ ಜಗಳ. ಆ ಗಂಡಸು ಹೆಂಡತೀನ ನೋಡೋದು ನೋಡಿದೆ, ಸರಕ್ಕನೆ ಹಾಳೆ ಹರಿದು ಇಲ್ಲಿ ಅಂಟಿಸಿದೆ. ಅಳಿಯ ಸಕ್ಕರೆ ತೆಗೆಯೋಕೆ ಬಂದಾಗೆಲ್ಲ ತೋರಿಸ್ತೀನಿ, ನೋಡೋ, ಹೀಗೆ ನೋಡ್ಬೇಕು ಹೆಂಡತೀನ, ಅಂತ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಇದೇ ಕಸುಬಿನೋನು. ನಿಜ ಹೇಳು, ಇವರು ದುಡ್ಡಿಗೆ ಕೂತವರಾ, ಇಲ್ಲಾ ನಿಜವಾಗ್ಲೂ ಗಂಡ ಹೆಂಡತಿನಾ?" ಎಂದು ಕೇಳಿದಳು.

"ಗಂಡ ಹೆಂಡತಿನೇ" ಅಂದೆ.

"ನಂಗೊತ್ತಿತ್ತು! ಗೊತ್ತಾ ನಿಂಗೆ ಅವರು?"

"ಗೊತ್ತು. ಒಂದೇ ಕಡೆ ಕೆಲ್ಸಕ್ಕಿದ್ವಿ. ಆತ ಆಕೆಯನ್ನ ಬಿಟ್ಟು ಇನ್ನೊಬ್ಬಳನ್ನ ಕಣ್ಣೆತ್ತಿ ನೋಡಿದವನಲ್ಲ" ಅಂದೆ.

ಮುದುಕಿ ಖುಷಿಯಾಗಿ ಮೀನಿನ ಸಾರು ಬಡಿಸಿದಳು. ತಿಂದೆ. ಸಂಜೆ ಹೊರಡುವಾಗ ಆ ಹಾಳೆಯನ್ನು ಹೊಸ ಬಾಗಿಲಿಗೂ ಹಾಕಿಕೊಡು ಎಂದಳು. ಹೊಳೆಯುವ ಹಲಗೆಗೆ ಗೋಂದು ಹಿಡಿಯುವುದಿಲ್ಲ. ಮೂಲೆಗಳಿಗೆ ಸಣ್ಣ ಸ್ಕ್ರೂ ಹಾಕಿ, ಹರಿಯದ ಹಾಗೆ ಕೂರಿಸಿ ಬಂದೆ.

ಇಷ್ಟೇ ಸಂಗತಿ. ನಿಮ್ಮ ಯಜಮಾನರಾದ ರಾದೀಚೆ ಅವರಿಗೆ ನಮಸ್ಕಾರ.

ಎಜೀದಿಯೊ


ಮೇದಾ, 11 ಜನವರಿ 1970

ಎಜೀದಿಯೊ ಅವರೇ,

ನಿಮ್ಮ ಪತ್ರವನ್ನು ಆಫೀಸಿನಿಂದ ನನ್ನ ಗಂಡ ವಿತ್ತೋರೆ ಅವರೇ ತಂದುಕೊಟ್ಟರು. ಲಕೋಟೆಯ ಹಿಂದಿನ ಹೆಸರು ನೋಡಿದ್ದರು. ಒಡೆಯದೆ ಮೇಜಿನ ಮೇಲಿಟ್ಟು, ಮಗುವನ್ನು ಎತ್ತಿಕೊಂಡು, "ನಾವಿಬ್ರೂ ರೈಲು ನೋಡ್ಕೊಂಡು ಬರ್ತೀವಿ" ಎಂದು ಹೊರಗೆ ಹೋದರು. ಅವರು ಎಂಥವರು ಎಂದು ನಿಮಗೆ ಗೊತ್ತಿರಲಿ ಎಂದು ಬರೆದೆ. ಅಮ್ಮನ ಎದುರು ಅವರು ಕೊಟ್ಟ ಮಾತನ್ನು ಒಂದು ದಿನವೂ ತಪ್ಪಿಲ್ಲ. ನಾನು ದುಃಖದಲ್ಲಿಲ್ಲ.

ಮದುವೆಯಾದಾಗ ತಾರ್ಚೀಸಿಯೊ ಅವರು, ಕಾರ್ಖಾನೆಯಿಂದ ಯಾವುದು ಬೇಕೋ ಆರಿಸಿಕೊಳ್ಳಿ, ನನ್ನ ಉಡುಗೊರೆ ಎಂದರು. ನಾನು ಬೇಡ ಎಂದೆ. ಪಕ್ಕದ ಕಂತೂ ಊರಿನಲ್ಲಿ ಹಳೆಯ ಸಾಮಾನು ಮಾರುವವನ ಹತ್ತಿರ ಕಪ್ಪು ಮರದ ಬೀರು, ಕೆತ್ತನೆಯ ಮೇಜು, ನೆಟ್ಟಗಿನ ಬೆನ್ನಿನ ಕುರ್ಚಿಗಳನ್ನು ಕೊಂಡೆ. ವಿತ್ತೋರೆ ಬೆರಗಾದರು. "ಜಗತ್ತೇ ನಮ್ಮಲ್ಲಿಗೆ ಬಂದು ಕೊಂಡ್ಕೊಂಡು ಹೋಗತ್ತೆ, ನೀನ್ಯಾಕೆ ಈ ಅಜ್ಜಿ ಮನೆ ಸಾಮಾನು ತರ್ತೀಯ?" ಎಂದು ಕೇಳಿದರು. ಇದೇ ನನಗಿಷ್ಟ ಅಂದೆ. ಅವರು ಆ ಕುರ್ಚಿಗಳಲ್ಲಿ ಚೆನ್ನಾಗಿಯೇ ಕೂರುತ್ತಾರೆ. ನಮ್ಮ ಮನೆಯಲ್ಲಿ ಸೋಫಾ ಇಲ್ಲ. ಬಂದವರು ವಿಚಿತ್ರ ಎನ್ನುತ್ತಾರೆ.

ಆ ಆಗಸ್ಟಿನಲ್ಲಿ ನಾನು ದಿನವೂ ಬೆಳಿಗ್ಗೆ ಗೇಟಿನ ಹತ್ತಿರ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದೆ. ಅಂಚೆಯವನು ನಗುತ್ತಿದ್ದ, "ಇಷ್ಟ್ ನೀರು ಹಾಕಿದ್ರೆ ಕೊಳೆತೋಗತ್ತಮ್ಮ" ಎಂದು. ಹಾಗೇ ಆಯಿತು. ಬಂದದ್ದು ಮೂರು ಹೆಸರಿನ ತಂತಿ.

ನಿನ್ನ ಮೇಲೆ ನನಗೆ ಕೋಪವಿದೆ ಎಂದು ಈ ಪತ್ರ ಬರುವವರೆಗೆ ಗೊತ್ತಿರಲಿಲ್ಲ, ಎಜೀದಿಯೊ. ಗುರುತಿಲ್ಲದ ಒಬ್ಬ ಮುದುಕಿ ಕೇಳಿದಳು, ನೀನು ಹೇಳಿದೆ. ಕೈಯಲ್ಲಿ ಕಪಾಟಿನ ಬಾಗಿಲು ಹಿಡಿದುಕೊಂಡು, ಎರಡೇ ಮಾತಿನಲ್ಲಿ, ತಮಾಷೆಯಿಲ್ಲದೆ ಹೇಳಿದೆ. ನಾನೂ ಕೇಳಿದ್ದೆ. ಒಂದು ಸಲ ಏಪ್ರಿಲ್‌ನಲ್ಲಿ, ಒಂದು ಸಲ ಜುಲೈನಲ್ಲಿ. ಇದಕ್ಕಿಂತ ಬಿಡಿಸಿ ಕೇಳುವುದು ನನ್ನ ಕಾಲದ ಹೆಣ್ಣಿಗೆ ಹೇಗೆ ಸಾಧ್ಯವಿತ್ತು? ಅಥವಾ ಸಾಧ್ಯವಿತ್ತೇನೋ. ಅದನ್ನು ನಾನು ಯೋಚಿಸುತ್ತಿರುತ್ತೇನೆ.

ಬಾಗಿಲು ತೆಗೆದ ಸದ್ದಾಯಿತು. ಅವರು ಬಂದರು, ಮಗು ರೈಲಿನ ಹಾಗೆ ಕೂಗುತ್ತಿದೆ. ಉತ್ತರ ಬರೆಯಬೇಡ.

ಡೆಲ್ಫಿನಾ ಪೊಜ್ಜೋಲಿ ರಾದೀಚೆ